ಟೋಲ್ ದಿಲ್ಲಿಗೆ, ಆಸ್ಪತ್ರೆ ಖರ್ಚು ಯಾರಿಗೆ?

ಇವತ್ತು ಒಂದು ರಸ್ತೆಯಿಂದ ಶುರು ಮಾಡೋಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 118 ಕಿಲೋಮೀಟರ್. 2023ರ ಮಾರ್ಚ್ 12ಕ್ಕೆ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು, ಎರಡೇ ದಿನಕ್ಕೆ ಬಿಡದಿ ಹತ್ತಿರ ಟೋಲ್ ಶುರುವಾಯ್ತು. ಆಮೇಲೆ ಒಂದರ ಮೇಲೊಂದು ಅಪಘಾತ. ಕೊನೆಗೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಮುಖ್ಯ ರಸ್ತೆಗೆ ಬಿಡಬಾರದು ಅಂತ ಆದೇಶವಾಯ್ತು.

ಈಗ ಒಂದು ರಾತ್ರಿ ಚನ್ನಪಟ್ಟಣ ಬೈಪಾಸ್‌ನಲ್ಲಿ ಕಾರು ಪಲ್ಟಿ ಆಯ್ತು ಅಂತ ಇಟ್ಟುಕೊಳ್ಳಿ. ರಸ್ತೆ ಕೇಂದ್ರದ್ದು. ಟೋಲ್ ಹೋಗುವುದು ದಿಲ್ಲಿಯ ಹೆದ್ದಾರಿ ಪ್ರಾಧಿಕಾರದ ಲೆಕ್ಕಕ್ಕೆ. ಗಾಯಾಳು ಮಾತ್ರ ಹೋಗುವುದು ರಾಮನಗರದ ಜಿಲ್ಲಾ ಆಸ್ಪತ್ರೆಗೆ, ಅಂದರೆ ರಾಜ್ಯದ ಆಸ್ಪತ್ರೆಗೆ. ಅಲ್ಲಿಗೆ ಕರೆದುಕೊಂಡು ಹೋಗುವ 108 ಆಂಬುಲೆನ್ಸ್ 2008ರಲ್ಲಿ ರಾಜ್ಯ ಶುರು ಮಾಡಿದ ‘ಆರೋಗ್ಯ ಕವಚ’. ಅದಕ್ಕೆ ರಾಜ್ಯದ ದುಡ್ಡೂ ಇದೆ, ರಾಷ್ಟ್ರೀಯ ಆರೋಗ್ಯ ಅಭಿಯಾನದ ದುಡ್ಡೂ ಇದೆ. ಇನ್ನು ಚಿಕಿತ್ಸೆ ಖರ್ಚು? 2016ರಲ್ಲಿ ರಾಜ್ಯ ತಂದ ಹರೀಶ್ ಸಾಂತ್ವನ ಯೋಜನೆಯಲ್ಲಿ ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿದ ಯೋಜನೆಯಲ್ಲಿ 7 ದಿನಕ್ಕೆ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ. ಅದೂ ಸುಮ್ಮನೆ ಬಂದಿದ್ದಲ್ಲ. ಕಾನೂನು 2019ರಲ್ಲೇ ತಿದ್ದುಪಡಿಯಾಗಿತ್ತು, ಯೋಜನೆ ಬರಲಿಲ್ಲ. ಸುಪ್ರೀಂ ಕೋರ್ಟ್ ಚಾಟಿ ಬೀಸಿದ ಮೇಲೆ ಬಂತು.

ಒಬ್ಬ ಗಾಯಾಳು, ಒಂದು ಸ್ಟ್ರೆಚರ್, ಎರಡು ಸರ್ಕಾರಗಳ ಜೇಬು. ಹಾಗಾದರೆ ಜವಾಬ್ದಾರಿ ಯಾರದು?

ಕಾಗದದಲ್ಲಿ ಉತ್ತರ ಸಲೀಸು. ಸಂವಿಧಾನದ ಏಳನೇ ಅನುಸೂಚಿ, ರಾಜ್ಯಪಟ್ಟಿ, 6ನೇ ನಮೂದು: ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯ. ಇವೆಲ್ಲ ರಾಜ್ಯದ ವಿಷಯ. ಬ್ರಿಟಿಷರು 1919ರ ಕಾಯ್ದೆಯಲ್ಲೇ ಆರೋಗ್ಯವನ್ನು ಪ್ರಾಂತ್ಯಗಳ ತಲೆಗೆ ಕಟ್ಟಿದ್ದರು, ನಾವೂ ಅದನ್ನೇ ಮುಂದುವರಿಸಿದೆವು. ಕುಟುಂಬ ಯೋಜನೆ, ವೈದ್ಯಕೀಯ ವೃತ್ತಿ, ರಾಜ್ಯದಿಂದ ರಾಜ್ಯಕ್ಕೆ ಹರಡುವ ಸಾಂಕ್ರಾಮಿಕ ರೋಗ ತಡೆ, ಇವು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ.

ಕೆಲಸ ರಾಜ್ಯದ್ದು. ಆದರೆ ದೊಡ್ಡ ತೆರಿಗೆಗಳು ಕೂಡುವುದು ಎಲ್ಲಿ? ದಿಲ್ಲಿಯಲ್ಲಿ. ಜಗಳ ಹುಟ್ಟುವುದೇ ಇಲ್ಲಿ.

ಸಂಬಳ ತೆಗೆದುಕೊಳ್ಳುವವರು ಒಮ್ಮೆ ಆದಾಯ ತೆರಿಗೆ ಲೆಕ್ಕ ತೆಗೆದು ನೋಡಿ. ಕೊನೆಯಲ್ಲಿ ಶೇ 4 ಅಂತ ಒಂದು ಸಾಲಿರುತ್ತೆ. ಆರೋಗ್ಯ ಮತ್ತು ಶಿಕ್ಷಣ ಸೆಸ್. 2018ರ ಬಜೆಟ್‌ನಲ್ಲಿ ಬಂದಿದ್ದು. ಹೆಸರಿನಲ್ಲೇ ಆರೋಗ್ಯ ಇದೆ, ಆರೋಗ್ಯ ರಾಜ್ಯದ ವಿಷಯ, ಆದರೆ ಈ ಸೆಸ್‌ನಲ್ಲಿ ರಾಜ್ಯಕ್ಕೆ ಪಾಲಿಲ್ಲ! ಸೆಸ್ ಅನ್ನೋದು ಹಂಚಿಕೆ ತೆರಿಗೆಯ ಲೆಕ್ಕಕ್ಕೇ ಬರಲ್ಲ. 2021ರಲ್ಲಿ ಅದರ ಆರೋಗ್ಯದ ಭಾಗಕ್ಕೆ ಒಂದು ಪ್ರತ್ಯೇಕ ನಿಧಿ ಮಾಡಿದ್ರು. ಆ ದುಡ್ಡು ಕೇಂದ್ರದ ಯೋಜನೆಗಳ ರೂಪದಲ್ಲಿ, ಷರತ್ತುಗಳ ಜೊತೆಗೆ, ರಾಜ್ಯಕ್ಕೆ ವಾಪಸ್ ಬರುತ್ತೆ.

ಷರತ್ತು ಅಂದರೆ ಎಂಥದ್ದು? ಪಂಜಾಬ್‌ನಲ್ಲಿ ಆರೋಗ್ಯ ಕೇಂದ್ರಗಳ ಬೋರ್ಡಿನ ಮೇಲೆ ಯಾವ ಹೆಸರು, ಯಾರ ಫೋಟೋ ಇರಬೇಕು ಅನ್ನೋ ಜಗಳಕ್ಕೇ ಆರೋಗ್ಯ ಅಭಿಯಾನದ ಹಣ ನಿಂತುಹೋಗಿತ್ತು. ಬೋರ್ಡಿಗೂ ರೋಗಿಗೂ ಏನು ಸಂಬಂಧ ಸ್ವಾಮಿ?

ಇನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನ. 2005ರಲ್ಲಿ ಗ್ರಾಮೀಣ ಭಾಗಕ್ಕೆ ಅಂತ ಶುರುವಾಯ್ತು. ಒಂದು ಕಾಲಕ್ಕೆ ಕೇಂದ್ರದ ಪಾಲು ಶೇ 85 ಇತ್ತು, ಆಮೇಲೆ 75 ಆಯ್ತು. 2015–16ರಿಂದ ಕೇಂದ್ರ 60, ರಾಜ್ಯ 40. ರಾಜ್ಯ ತನ್ನ 40 ಹಾಕಿ, ಖರ್ಚಿನ ಲೆಕ್ಕ ಕೊಟ್ಟರೆ ಮಾತ್ರ ಮುಂದಿನ ಕಂತು. ಒಂದು ಕಡೆ ಫೈಲು ನಿಂತರೆ ಎರಡೂ ಕಡೆ ನಿಂತ ಹಾಗೆ.

ಇದು ನೆಲದ ಮೇಲೆ ಹೇಗೆ ಕಾಣುತ್ತೆ ನೋಡಬೇಕು ಅಂದರೆ ಕನಕಪುರದ್ದೋ ಮಾಗಡಿಯದ್ದೋ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಂದೇ ವಾರ್ಡು, ಒಂದೇ ಪಾಳಿ, ಇಬ್ಬರು ಸ್ಟಾಫ್ ನರ್ಸ್. ಒಬ್ಬರು ಕಾಯಂ, ಸಂಬಳ ರಾಜ್ಯದ ಖಜಾನೆಯಿಂದ. ಇನ್ನೊಬ್ಬರು ಅಭಿಯಾನದ ಗುತ್ತಿಗೆ ನೌಕರರು. ಕೊಡುವ ಇಂಜೆಕ್ಷನ್ ಒಂದೇ, ತಿಂಗಳ ಕೊನೆಗೆ ಸಿಗುವ ಸಂಬಳದಲ್ಲಿ ಅಜಗಜಾಂತರ. 2023ರ ಫೆಬ್ರವರಿಯಲ್ಲಿ ರಾಜ್ಯದ ಗುತ್ತಿಗೆ ನೌಕರರು ಕಾಯಂ ಮಾಡಿ ಅಂತ ಫ್ರೀಡಂ ಪಾರ್ಕ್‌ನಲ್ಲಿ ಕೂತರು. ಅಭಿಯಾನ ಕೇಂದ್ರದ್ದು ಅಂತ ರಾಜ್ಯ ಅನ್ನುತ್ತೆ, ನೇಮಕ ಮಾಡಿಕೊಂಡಿದ್ದು ರಾಜ್ಯ ಅಂತ ಕೇಂದ್ರ ಅನ್ನುತ್ತೆ. ಮಧ್ಯೆ ನಿಂತ ಹೆಣ್ಣುಮಕ್ಕಳು ಯಾರ ಬಾಗಿಲು ಬಡಿಯಬೇಕು?

ಆಶಾ ಕಾರ್ಯಕರ್ತೆಯರದ್ದು ಇನ್ನೂ ಬಿಗಿ. ರಾಜ್ಯದಿಂದ ತಿಂಗಳಿಗೆ 5 ಸಾವಿರ ಗೌರವಧನ. ಉಳಿದದ್ದು ಅಭಿಯಾನದ ಪ್ರೋತ್ಸಾಹಧನ, ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು ಅಂತ. ಪೋರ್ಟಲ್‌ನಲ್ಲಿ ಎಂಟ್ರಿ ತಪ್ಪಾದರೆ ಮಾಡಿದ ಕೆಲಸಕ್ಕೂ ದುಡ್ಡಿಲ್ಲ. 2025ರ ಜನವರಿಯಲ್ಲಿ ಆ ಚಳಿಯಲ್ಲಿ ಹಗಲು ರಾತ್ರಿ ಕೂತು ಹೋರಾಡಿದ ಮೇಲೆ, ಎರಡೂ ಸೇರಿ ಕನಿಷ್ಠ 10 ಸಾವಿರ ಸಿಗುವ ಹಾಗೆ ಮಾಡ್ತೀವಿ ಅಂತ ರಾಜ್ಯ ಸರ್ಕಾರ ಒಪ್ಪಿಕೊಂಡಿತು.

ಆಯುಷ್ಮಾನ್ ಕಾರ್ಡಿಗೆ ಬರೋಣ. ಕಾರ್ಡಿನ ಮೇಲೆ ಈಗ ಪ್ರಧಾನಮಂತ್ರಿ ಹೆಸರೂ ಇದೆ, ಮುಖ್ಯಮಂತ್ರಿ ಹೆಸರೂ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಇಲ್ಲೂ 60–40. ಆದರೆ ಕೇಂದ್ರ ಪಾಲು ಕೊಡುವುದು 2011ರ ಸಾಮಾಜಿಕ–ಆರ್ಥಿಕ ಗಣತಿಯಲ್ಲಿ ಸಿಕ್ಕಿದ 62 ಲಕ್ಷ ಕುಟುಂಬಗಳಿಗೆ ಮಾತ್ರ. ನಮ್ಮಲ್ಲಿ ಬಿಪಿಎಲ್ ಕಾರ್ಡು ಅದಕ್ಕಿಂತ ಎಷ್ಟೋ ಹೆಚ್ಚಿದೆ. ಆ ಹೆಚ್ಚಿನ ಕುಟುಂಬಗಳ ಖರ್ಚೆಲ್ಲ ರಾಜ್ಯದ್ದು. ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಅಂತ ನಿಮಗೆ ಗೊತ್ತಾಗಲ್ಲ, ಗೊತ್ತಾಗಬೇಕಿಲ್ಲ. ಒಂದು ಮಾತ್ರ ನೆನಪಿಡಿ: ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗೋಕೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದು ಗೊತ್ತಿಲ್ಲದೆ ಬಿಲ್ ಕಟ್ಟಿ ಬಂದವರು ಬಹಳ ಜನ.

ಅಲ್ಲಿಂದ ಬೆಂಗಳೂರಿಗೆ ಕಳಿಸಿದರು ಅನ್ನಿ. ತಲೆಗೆ ಪೆಟ್ಟಾಗಿದ್ದರೆ ನಿಮ್ಹಾನ್ಸ್, ಅಲ್ಲಿ ಬಹುಪಾಲು ಕೇಂದ್ರದ ದುಡ್ಡು. ಎದೆನೋವಾದರೆ ಜಯದೇವ, ಅದು ರಾಜ್ಯದ್ದು. ತಲೆ ಕೇಂದ್ರಕ್ಕೆ, ಎದೆ ರಾಜ್ಯಕ್ಕೆ!

ಹಾಗಂತ ಎಲ್ಲದಕ್ಕೂ ದಿಲ್ಲಿ ಕಡೆ ಬೊಟ್ಟು ಮಾಡಿದರೆ ಅದು ಅರ್ಧ ಸತ್ಯ. ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. ಇದು ನಿಜ. 2024ರ ಫೆಬ್ರವರಿಯಲ್ಲಿ ಇಡೀ ಸಂಪುಟ ಜಂತರ್ ಮಂತರ್‌ಗೆ ಹೋಗಿ ಕೂತಿದ್ದಕ್ಕೆ ಕಾರಣ ಇತ್ತು. ಆದರೆ 2017ರ ರಾಷ್ಟ್ರೀಯ ಆರೋಗ್ಯ ನೀತಿ ರಾಜ್ಯಗಳಿಗೂ ಒಂದು ಮಾತು ಹೇಳಿತ್ತು: ಬಜೆಟ್‌ನ ಶೇ 8ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಕೊಡಿ ಅಂತ. ಯಾವ ಪಕ್ಷದ ಸರ್ಕಾರ ಇದ್ದಾಗಲೂ ಕರ್ನಾಟಕ ಅದನ್ನು ಮುಟ್ಟಿಲ್ಲ. ದೇಶಕ್ಕೆ ಇಟ್ಟುಕೊಂಡ ಗುರಿ 2025ಕ್ಕೆ ಜಿಡಿಪಿಯ ಶೇ 2.5. 2021–22ರಲ್ಲಿ, ಅದೂ ಕೋವಿಡ್ ಕಾಲದಲ್ಲಿ, ಕೇಂದ್ರ–ರಾಜ್ಯ ಎರಡೂ ಸೇರಿ ಆಗಿದ್ದು 1.84. ಇಬ್ಬರೂ ಫೇಲ್.

ರಾಮನಗರದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮೆಡಿಕಲ್ ಕಾಲೇಜು. ಮೈತ್ರಿ ಸರ್ಕಾರ ಕನಕಪುರಕ್ಕೆ ಕೊಟ್ಟಿದ್ದನ್ನು 2019ರಲ್ಲಿ ಯಡಿಯೂರಪ್ಪ ಸರ್ಕಾರ ರದ್ದು ಮಾಡಿ ಚಿಕ್ಕಬಳ್ಳಾಪುರಕ್ಕೆ ಕೊಟ್ಟಿತು. ಡಿ.ಕೆ. ಶಿವಕುಮಾರ್ ಕೆಂಡವಾದರು. 2023ರಲ್ಲಿ ಅವರೇ ಉಪಮುಖ್ಯಮಂತ್ರಿ ಆದ ಮೇಲೆ, ರಾಮನಗರದ ಕಾಲೇಜನ್ನು ಕನಕಪುರಕ್ಕೆ ಒಯ್ತಾರೆ ಅಂತ ಸೆಪ್ಟೆಂಬರ್ 8ಕ್ಕೆ ರಾಮನಗರ ಬಂದ್ ಆಯ್ತು. ಆರೋಗ್ಯ ವಿಶ್ವವಿದ್ಯಾಲಯವನ್ನು ರಾಮನಗರಕ್ಕೆ ತರುವ ಮಾತಂತೂ ಕುಮಾರಸ್ವಾಮಿ ಮೊದಲ ಸಲ ಮುಖ್ಯಮಂತ್ರಿ ಆಗಿದ್ದ ಕಾಲದ್ದು. ಈ ಎಳೆದಾಟದಲ್ಲಿ ದಿಲ್ಲಿ ಎಲ್ಲಿದೆ ಹೇಳಿ? ಎಲ್ಲೂ ಇಲ್ಲ. ಪೂರ್ತಿ ಬೆಂಗಳೂರಿನದ್ದೇ ಆಟ. ಅತ್ತ ಹಾವೇರಿ, ಯಾದಗಿರಿ, ಚಿಕ್ಕಮಗಳೂರು ಕೇಂದ್ರದ 60, ರಾಜ್ಯದ 40 ಸೇರಿಸಿಕೊಂಡು ಕಾಲೇಜು ಕಟ್ಟಿಕೊಂಡವು. ಇಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಬಂತು.

ಈ ನಾಲ್ಕೂ ತಾಲ್ಲೂಕುಗಳ ಸಂಸದರು ಈಗ ಡಾ. ಸಿ.ಎನ್. ಮಂಜುನಾಥ್, ಜಯದೇವದ ನಿರ್ದೇಶಕರಾಗಿದ್ದವರು. ವೈದ್ಯರು ಗೆದ್ದಿದ್ದಾರೆ, ಇನ್ನು ಆಸ್ಪತ್ರೆ ಸರಿಹೋಗುತ್ತೆ ಅಂತ ಎಷ್ಟೋ ಜನ ಅಂದುಕೊಂಡರು. ಆದರೆ ಮಾಗಡಿಗೆ ಅರಿವಳಿಕೆ ತಜ್ಞರನ್ನು ಹಾಕುವ ಅಧಿಕಾರ ಸಂಸದರಿಗಿಲ್ಲ. ಅದನ್ನು ಶಾಸಕರನ್ನು, ಆರೋಗ್ಯ ಸಚಿವರನ್ನು ಕೇಳಬೇಕು. ಸಂಸದರನ್ನು ಕೇಳಬೇಕಾದ್ದು ಬೇರೆ: ಅಭಿಯಾನದ ಕಂತು ಯಾಕೆ ತಡ, 62 ಲಕ್ಷದ ಹಳೇ ಪಟ್ಟಿ ಯಾವಾಗ ಬದಲು, ಟೋಲ್ ವಸೂಲಿ ಮಾಡುವ ಹೆದ್ದಾರಿ ಪಕ್ಕ ಟ್ರಾಮಾ ಸೆಂಟರ್‌ಗೆ ಕೇಂದ್ರ ಎಷ್ಟು ಕೊಡುತ್ತೆ.

ಮೂರನೆಯವರೂ ಒಬ್ಬರಿದ್ದಾರೆ, ಯಾರೂ ಅವರನ್ನು ಕೇಳೋದೇ ಇಲ್ಲ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಇಡೀ ದೇಶದ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಅಂತಲೇ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಉಪಕೇಂದ್ರದ ಕಟ್ಟಡಕ್ಕೆ, ಪಿಎಚ್‌ಸಿಯ ಪರೀಕ್ಷಾ ಸಲಕರಣೆಗೆ. ನಿಮ್ಮೂರಿಗೆ ಅದರಲ್ಲಿ ಏನು ಬಂತು ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.