ಸಾವಿರ ಕೂಗುಗಳ ನಡುವೆ ಅಮ್ಮನ ದನಿ

ಪ್ರಶ್ನೆ: ದಡದ ತುಂಬ ಮರಿಗಳಿದ್ದರೂ ಸೀಲ್, ಕಡಲಸಿಂಹಗಳು ತಮ್ಮ ಮರಿಯನ್ನೇ ಹೇಗೆ ಗುರುತಿಸುತ್ತವೆ?

ಉತ್ತರ: ದೂರದಿಂದ ದನಿ, ಹತ್ತಿರ ಬಂದ ಮೇಲೆ ವಾಸನೆ. ಮರಿ ಹುಟ್ಟಿದ ಕೂಡಲೇ ತಾಯಿ ಅದನ್ನು ಮೂಸುತ್ತದೆ, ಕೂಗುತ್ತದೆ, ಮರಿಯೂ ಓಗೊಡುತ್ತದೆ. ಮನುಷ್ಯರ ದನಿಯಂತೆಯೇ ಪ್ರತಿಯೊಂದರ ಕೂಗಿಗೂ ತನ್ನದೇ ಏರಿಳಿತವಿದೆ.

ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಆಮ್‌ಸ್ಟರ್‌ಡ್ಯಾಮ್ ದ್ವೀಪದಲ್ಲಿ ದಟ್ಟ ತುಪ್ಪಳದ ಸೀಲ್‌ಗಳಿವೆ. ಆಹಾರ ಹುಡುಕಿ ಹೋದ ತಾಯಿ ಮರಳಲು ಎರಡು ಮೂರು ವಾರವೇ ಬೇಕು. ಅಲ್ಲಿ ವಿಜ್ಞಾನಿಗಳು ತಾಯಂದಿರ ಕೂಗನ್ನು ಧ್ವನಿಮುದ್ರಿಸಿ ಮರಿಗಳಿಗೆ ಕೇಳಿಸಿದರು. ಮರಿ 2ರಿಂದ 5 ದಿನಗಳಲ್ಲಿ ಅಮ್ಮನ ದನಿ ಕಲಿಯುತ್ತದೆ, ಅದು ಕಲಿತ ಮೇಲೆಯೇ ತಾಯಿ ಕಡಲಿಗಿಳಿಯುತ್ತದೆ ಎಂದು 2001ರಲ್ಲಿ ಪ್ರಕಟಿಸಿದರು. ಎಂಥ ಹೊಂದಾಣಿಕೆ!

ಮರಳಿ ಬಂದ ತಾಯಿ ದಡದಲ್ಲಿ ನಿಂತು ಕೂಗುತ್ತದೆ. ಓಗೊಟ್ಟು ಬಂದ ಮರಿಯನ್ನು ಮೂಸಿ, ತನ್ನದೇ ಎಂದು ಖಾತ್ರಿಯಾದ ಮೇಲೆ ಹಾಲೂಡಿಸುತ್ತದೆ. ಬೇರೆಯದಾದರೆ ಸಾಮಾನ್ಯವಾಗಿ ಕಚ್ಚಿ ಅಟ್ಟುತ್ತದೆ. ಅಮ್ಮ ಸಿಗದ ಮರಿಗೆ ಹಾಲಿಲ್ಲ. ಹಾಗಾಗಿ ಈ ಗುರುತು ಜೀವದ ಪ್ರಶ್ನೆ.

ಉತ್ತರ ಪೆಸಿಫಿಕ್‌ನ ತುಪ್ಪಳದ ಸೀಲ್‌ಗಳಲ್ಲಂತೂ ತಾಯಿ ಮತ್ತು ಮರಿ ಪರಸ್ಪರರ ದನಿಯನ್ನು ನಾಲ್ಕು ವರ್ಷಗಳ ನಂತರವೂ ಮರೆತಿರಲಿಲ್ಲ.