ಟ್ಯಾಬ್ ಕೊಡಿಸಲೇ, ಲ್ಯಾಪ್‌ಟಾಪ್ ಕೊಡಿಸಲೇ?

ಕಳೆದ ಏಪ್ರಿಲ್‌ನಲ್ಲಿ ಮೊಮ್ಮಗಳ ಶಾಲೆಯಿಂದ ಸುತ್ತೋಲೆ ಬಂತು. ಜೂನ್‌ನಿಂದ 7ನೇ ತರಗತಿಯ ಪ್ರತಿ ಮಗುವೂ ಟ್ಯಾಬ್ ಇಲ್ಲವೇ ಲ್ಯಾಪ್‌ಟಾಪ್ ತರಬೇಕು. ಯಾವುದೆಂಬುದು ಪಾಲಕರ ಇಷ್ಟ.

ಅಳಿಯಂದಿರು ಟ್ಯಾಬ್ ಎಂದರು, ಹಗುರ, ಅಗ್ಗ. ಮಗಳು ಲ್ಯಾಪ್‌ಟಾಪ್ ಎಂದಳು. ಕೊನೆಗೆ, "ಅತ್ತೆ, ನೀವೇ ಹೇಳಿ" ಎಂದರು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಸೌಟು ಹಿಡಿದವಳು ನಾನು. ಕಂಪ್ಯೂಟರಿನ ಜ್ಞಾನ ಅಷ್ಟಕ್ಕಷ್ಟೆ. ಆದರೆ ಪಾತ್ರೆ ಕೊಳ್ಳುವ ಮೊದಲು ಏನು ಬೇಯಿಸಬೇಕೆಂದು ಕೇಳಬೇಕು, ಅದು ಗೊತ್ತು.

ಪಕ್ಕದ ಮನೆಯ ಟ್ಯಾಬ್, ಮಗಳ ಲ್ಯಾಪ್‌ಟಾಪ್ ಎರಡನ್ನೂ ಮೊಮ್ಮಗಳ ಮುಂದಿಟ್ಟೆ. ಟ್ಯಾಬಿನಲ್ಲಿ ಹೃದಯದ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ತಿರುಗಿಸಿ ಖುಷಿಯಿಂದ ನೋಡಿದಳು. ಪ್ರಬಂಧ ಬರೆ ಎಂದಾಗ ಕೀಲಿಮಣೆಯೇ ಅರ್ಧ ಪರದೆ ನುಂಗಿತು. ನಾಲ್ಕು ಸಾಲಿಗೇ ಸುಸ್ತಾದಳು. ಲ್ಯಾಪ್‌ಟಾಪಿನಲ್ಲಿ ಒಂದು ಪುಟ ಬರೆದು, ಹಿಂದಿನದನ್ನು ಮುಂದಕ್ಕೆ ತಂದು, ತಾನೇ ತಿದ್ದಿದಳು. ನೋಡಿ ಓದಲು ಟ್ಯಾಬ್, ಯೋಚಿಸಿ ಬರೆಯಲು ಲ್ಯಾಪ್‌ಟಾಪ್ ಎಂದು ನನಗೆ ಅಲ್ಲೇ ಹೊಳೆಯಿತು.

ದೊಡ್ಡವರೂ ಇದನ್ನು ದುಬಾರಿ ಬೆಲೆ ಕೊಟ್ಟೇ ಕಲಿತಿದ್ದಾರೆ. ಅಮೆರಿಕದ ಲಾಸ್ ಏಂಜಲೀಸಿನ ಸರಕಾರಿ ಶಾಲೆಗಳು 2013ರಲ್ಲಿ ಮಕ್ಕಳಿಗೆಲ್ಲ ಐಪ್ಯಾಡ್ ಕೊಡಲು ಹೊರಟವು. ಕೆಲವೇ ವಾರಗಳಲ್ಲಿ ಮಕ್ಕಳು ಶಾಲೆ ಹಾಕಿದ್ದ ಬೀಗವನ್ನು ತಪ್ಪಿಸಿಕೊಂಡರು. 2014ರಲ್ಲಿ ಕೆಲವು ಹೈಸ್ಕೂಲುಗಳಿಗೆ ಲ್ಯಾಪ್‌ಟಾಪ್ ಆರಿಸಿಕೊಳ್ಳುವ ಅವಕಾಶ ಸಿಕ್ಕಿತು. ಅದೇ ವರ್ಷ ಐಪ್ಯಾಡ್ ಒಪ್ಪಂದವೂ ನಿಂತಿತು. ನಮ್ಮ ಮುಂಬಯಿ ಮಹಾನಗರಪಾಲಿಕೆ 2015ರಲ್ಲಿ 8ನೇ ತರಗತಿಯವರಿಗೆ ಪಠ್ಯ ತುಂಬಿದ ಟ್ಯಾಬ್ ಹಂಚಿತು. ಉದ್ದೇಶ ಚೀಲದ ಹೊರೆ ಇಳಿಸುವುದು. ಓದುವ ಕೆಲಸಕ್ಕೆ ಟ್ಯಾಬ್ ಸರಿಯೇ.

ಹೊರೆಯ ಮಾತು ಸುಳ್ಳಲ್ಲ. 2020ರ ಶಾಲಾ ಚೀಲ ನೀತಿಯಂತೆ ಚೀಲ ಮಗುವಿನ ತೂಕದ ನೂರಕ್ಕೆ 10ರಷ್ಟನ್ನು ಮೀರಬಾರದು. 40 ಕಿಲೋ ಮಗುವಿಗೆ 4 ಕಿಲೋ. ಒಂದೂವರೆ ಕಿಲೋದ ಲ್ಯಾಪ್‌ಟಾಪ್ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು!

ಪಾಲಕರ ಸಭೆಗೆ ನಾನೂ ಹೋದೆ. ಹಿಂದಿನ ಸಾಲಿನ ತಾಯಿಯೊಬ್ಬರು ಮೆಲ್ಲಗೆ, "ನನಗೆ ಎರಡು ಮಕ್ಕಳು, ಮನೆಯಲ್ಲಿರುವುದು ಒಂದೇ ಫೋನು" ಎಂದರು. ಸಭೆ ಮೌನವಾಯಿತು. ನಮ್ಮ ಮನೆಯ ವಾದ ನೆನೆದು ನನಗೆ ನಾಚಿಕೆಯಾಯಿತು. ಎದ್ದುನಿಂತು, "ಲ್ಯಾಪ್‌ಟಾಪುಗಳನ್ನು ಶಾಲೆಯೇ ಇಟ್ಟು ಸರದಿಯಂತೆ ಕೊಡಬಾರದೇ? ಚೀಲವೂ ಹಗುರ, ಪಾಲಕರ ಜೇಬೂ ಉಳಿಯುತ್ತದೆ" ಎಂದೆ. ಮುಖ್ಯೋಪಾಧ್ಯಾಯಿನಿ ಬರೆದುಕೊಂಡರು. ಜೂನ್‌ನ ಕಟ್ಟಳೆ ದೀಪಾವಳಿಯವರೆಗೆ ಮುಂದೆ ಹೋಯಿತು. ಮುಂದೇನೆಂದು ಕಾದು ನೋಡಬೇಕು.

ಸಂಘದ ಪಾಲಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಸುತ್ತೋಲೆ ಬಂದೊಡನೆ ಅಂಗಡಿಗೆ ಓಡಬೇಡಿ. ಇದರಲ್ಲಿ ಮಗು ಓದುತ್ತದೋ, ಬರೆಯುತ್ತದೋ? ಕಲಿಸುವ ಟೀಚರಿಗೆ ತರಬೇತಿ ಆಗಿದೆಯೇ? ಕೊಳ್ಳಲಾಗದವರ ಮಗುವಿನ ಗತಿಯೇನು? ಈ ಮೂರನ್ನು ಮೊದಲು ಶಾಲೆಯಲ್ಲಿ ಕೇಳಿ.