ನಾಯಿಯ ಕೊರಳಿನ ಗಂಟು

ಮನೆಯ ನಾಯಿಯನ್ನು ನೇವರಿಸುತ್ತಿರುವಾಗ ಅದರ ದವಡೆಯ ಕೆಳಗೆ ನೆಲ್ಲಿಕಾಯಿಯಂತಹ ಗಂಟುಗಳು ನಮ್ಮ ಕೈಗೆ ತಗಲಿದವೆನ್ನೋಣ. ಹೆಗಲಿನ ಮುಂದೆಯೂ ಹಿಂಗಾಲಿನ ಮಂಡಿಯ ಹಿಂದೆಯೂ ಅಂತಹವೇ ಇವೆ. ಒತ್ತಿದರೆ ನಾಯಿಗೆ ನೋವಿಲ್ಲ. ಅದು ಎಂದಿನಂತೆ ಉಂಡು ಆಡುತ್ತಿದೆ. ಇವು ಊದಿಕೊಂಡ ದುಗ್ಧಗ್ರಂಥಿಗಳು. ರೋಗಾಣುಗಳೊಡನೆ ಹೋರಾಡುವ ಲಿಂಫೋಸೈಟುಗಳೆಂಬ ಬಿಳಿಯ ರಕ್ತಕಣಗಳಿಗೆ ಇವೇ ಠಾಣೆಗಳು. ಆ ಕಣಗಳೇ ಅಂಕೆಯಿಲ್ಲದೆ ವೃದ್ಧಿಯಾದರೆ ಅದನ್ನು ಲಿಂಫೋಮ ಎನ್ನುತ್ತಾರೆ. ನಾಯಿಗಳನ್ನು ಕಾಡುವ ಕ್ಯಾನ್ಸರುಗಳಲ್ಲಿ ಇದು ಬಹು ಸಾಮಾನ್ಯವಾದುದು.

ಆದರೆ ಊದಿದ ಗ್ರಂಥಿಯೆಲ್ಲ ಲಿಂಫೋಮವಲ್ಲ. ಹಲ್ಲಿನ ಕೀವು, ಚರ್ಮದ ಹುಣ್ಣು, ನಮ್ಮ ದೇಶದ ನಾಯಿಗಳಿಗೆ ಆಗಾಗ ಬರುವ ಉಣ್ಣಿಜ್ವರ, ಇವೂ ಗ್ರಂಥಿಗಳನ್ನು ಊದಿಸುತ್ತವೆ. ಉಣ್ಣಿಜ್ವರವು ಕೆಲವು ವಾರಗಳ ಔಷಧದಿಂದ ವಾಸಿಯಾಗಬಹುದು. ಲಿಂಫೋಮವನ್ನು ಹಾಗೆಯೇ ಬಿಟ್ಟರೆ ಬಹುಪಾಲು ನಾಯಿಗಳು ಒಂದೆರಡು ತಿಂಗಳಲ್ಲಿ ಸಾಯುತ್ತವೆ. ಹಲವು ಔಷಧಗಳನ್ನು ಕೂಡಿಸಿ ಚಿಕಿತ್ಸೆ ಮಾಡಿದರೆ ಸುಮಾರು ಒಂದು ವರ್ಷ ನೆಮ್ಮದಿಯಾಗಿ ಬದುಕುವುದುಂಟು. ಹೀಗಿರುವಾಗ ಗಂಟು ಯಾವುದೆಂದು ಬೆರಳು ಹೇಳಲಾರದು, ಜೀವಕೋಶಗಳನ್ನೇ ಕೇಳಬೇಕು.

ಅವನ್ನು ಹೊರತರುವ ಅತಿ ಸುಲಭವಾದ ಸಾಧನವೆಂದರೆ ಸೂಜಿ. ಈ ಪದ್ಧತಿ ಹೊಸದಲ್ಲ. 1904ರಲ್ಲಿ ಗ್ರೆಗ್ ಮತ್ತು ಗ್ರೇ ಎಂಬ ವೈದ್ಯರು ಆಫ್ರಿಕದ ನಿದ್ರಾರೋಗಿಗಳ ಕೊರಳಿನ ಗ್ರಂಥಿಗಳನ್ನು ಚುಚ್ಚಿ, ಬಂದ ರಸದಲ್ಲಿ ರೋಗಾಣುಗಳನ್ನು ಕಂಡಿದ್ದರು. ಇಂದು ಪಶುವೈದ್ಯರು ಸುಮಾರು 0.7 ಮಿಲಿಮೀಟರ್ ದಪ್ಪದ ಸೂಜಿಯನ್ನು ಬಳಸುತ್ತಾರೆ. ಸಾಮಾನ್ಯವಾಗಿ ನಾಯಿಗೆ ಮತ್ತು ಬರಿಸುವ ಅಗತ್ಯವೂ ಇರುವುದಿಲ್ಲ. ದವಡೆಯ ಗ್ರಂಥಿಯು ಬಾಯಿಯ ಸೋಂಕಿನಿಂದಲೂ ಊದುವುದರಿಂದ, ಹೆಗಲಿನ ಅಥವಾ ಮಂಡಿಯ ಗ್ರಂಥಿಯನ್ನು ಆರಿಸುವುದು ಮೇಲು. ಲಿಂಫೋಸೈಟುಗಳು ಬಲು ನಾಜೂಕು. ಜೋರಾಗಿ ಎಳೆದರೆ ಒಡೆದುಹೋಗುತ್ತವೆ. ಆದುದರಿಂದ ಸೂಜಿಯನ್ನು ಮರಕುಟಿಗನ ಕೊಕ್ಕಿನಂತೆ ಹಿಂದೆ ಮುಂದೆ ಆಡಿಸಿ, ಸಿಕ್ಕಿದ್ದನ್ನು ಗಾಜಿನ ಪಟ್ಟಿಯ ಮೇಲೆ ಹಗುರವಾಗಿ ಹರಡಿ, ಗಾಳಿಯಲ್ಲಿ ಒಣಗಿಸುತ್ತಾರೆ. ಅನಂತರ ಬಣ್ಣ ಹಾಕುತ್ತಾರೆ. 1901ರಲ್ಲಿ ಲೀಷ್ಮನ್ ಸಿದ್ಧಪಡಿಸಿದ ಬಣ್ಣ ಇಂದಿಗೂ ಈ ಕೆಲಸಕ್ಕೆ ಒದಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಕಾಣುವುದೇನು? ಆರೋಗ್ಯವಾದ ಗ್ರಂಥಿಯಲ್ಲಿ ಹೆಚ್ಚಿನವು ಚಿಕ್ಕ ಲಿಂಫೋಸೈಟುಗಳು. ಅವುಗಳ ಕೋಶಕೇಂದ್ರವು ಕೆಂಪು ರಕ್ತಕಣದಷ್ಟೇ ಅಥವಾ ತುಸು ದೊಡ್ಡದು. ಸೋಂಕಿನಿಂದ ಊದಿದ ಗ್ರಂಥಿ ಜಾತ್ರೆಯಂತೆ: ಚಿಕ್ಕವು, ದೊಡ್ಡವು, ನಾನಾ ಬಗೆಯವು ಕಲೆತಿರುತ್ತವೆ. ಲಿಂಫೋಮದಲ್ಲಾದರೋ ನೋಡಿದಲ್ಲೆಲ್ಲ ಒಂದೇ ಮುಖ. ಕೆಂಪುಕಣದ ಎರಡರಷ್ಟು ಅಥವಾ ಇನ್ನೂ ದೊಡ್ಡ ಕೋಶಕೇಂದ್ರವುಳ್ಳ ಎಳೆಯ ಕೋಶಗಳು ಅರ್ಧಕ್ಕಿಂತ ಹೆಚ್ಚಾಗಿದ್ದರೆ ರೋಗ ಬಹುಮಟ್ಟಿಗೆ ನಿಶ್ಚಯವಾದಂತೆಯೇ. ಅನೇಕ ನಾಯಿಗಳ ವಿಷಯದಲ್ಲಿ ಇಷ್ಟೇ ಸಾಕು.

ಎಲ್ಲ ಸಂದರ್ಭಗಳಲ್ಲಿಯೂ ಸಾಲದು. ಸೂಜಿ ನಮಗೆ ಇಟ್ಟಿಗೆಗಳನ್ನು ತೋರಿಸುತ್ತದೆಯೇ ಹೊರತು ಮನೆಯ ಕಟ್ಟಡವನ್ನಲ್ಲ. ನಿಧಾನವಾಗಿ ಬೆಳೆಯುವ ಕೆಲವು ಲಿಂಫೋಮಗಳ ಕೋಶಗಳು ಆರೋಗ್ಯವಾದವುಗಳಂತೆಯೇ ಚಿಕ್ಕವಾಗಿರುತ್ತವೆ. ಗ್ರಂಥಿಯ ರಚನೆ ಕೆಟ್ಟಿದೆಯೇ ಎಂದು ನೋಡಿದಾಗಲೇ ಗುಟ್ಟು ರಟ್ಟಾಗುತ್ತದೆ. ಆಗ ಗ್ರಂಥಿಯ ತುಂಡನ್ನೋ ಇಡೀ ಗ್ರಂಥಿಯನ್ನೋ ತೆಗೆದು, ಫಾರ್ಮಲಿನ್‌ನಲ್ಲಿರಿಸಿ, ತೆಳುವಾಗಿ ಸೀಳಿ ನೋಡುತ್ತಾರೆ. ಬಣ್ಣ ಹಾಕದ ಗಾಜಿನ ಪಟ್ಟಿಗಳನ್ನು ಫಾರ್ಮಲಿನ್ ಸೀಸೆಯೊಡನೆ ಒಂದೇ ಪೆಟ್ಟಿಗೆಯಲ್ಲಿ ಕಳುಹಿಸಬಾರದು. ಅದರ ಆವಿ ತಗಲಿದರೆ ಕೋಶಗಳು ಬಣ್ಣವನ್ನು ಸರಿಯಾಗಿ ಹಿಡಿಯವು.

ರೋಗ ಖಚಿತವಾದ ಮೇಲೆ ಅದು ಯಾವ ಬಗೆಯದೆಂಬ ಪ್ರಶ್ನೆ ಏಳುತ್ತದೆ. ಲಿಂಫೋಸೈಟುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಮುಖ್ಯ ವರ್ಗಗಳಿವೆ. ವೇಗವಾಗಿ ಹಬ್ಬುವ ಲಿಂಫೋಮಗಳಲ್ಲಿ ಬಿ ವರ್ಗದವು ಸಾಮಾನ್ಯವಾಗಿ ಔಷಧಕ್ಕೆ ಹೆಚ್ಚು ಮಣಿಯುತ್ತವೆ. ಇದನ್ನರಿಯಲು ಫ್ಲೋ ಸೈಟೋಮೆಟ್ರಿ ಎಂಬ ವಿಧಾನವಿದೆ. ಜೀವಂತ ಕೋಶಗಳನ್ನು ದ್ರವದಲ್ಲಿ ತೇಲಿಸಿ, ಹೊಳೆಯುವ ಪ್ರತಿಕಾಯಗಳನ್ನು ಅಂಟಿಸಿ, ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹರಿಯಬಿಟ್ಟು, ಸಾವಿರಾರು ಕೋಶಗಳನ್ನು ಎಣಿಸುತ್ತಾರೆ.

2003ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಯಿಗಳಿಗಾಗಿ ಮತ್ತೊಂದು ವಿಧಾನವನ್ನು ಪ್ರಕಟಿಸಿದರು. ಪ್ರತಿ ಲಿಂಫೋಸೈಟೂ ತನ್ನ ಕೆಲವು ಜೀನುಗಳನ್ನು ತನ್ನದೇ ಆದ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆ. ಆರೋಗ್ಯವಾದ ಗ್ರಂಥಿಯಲ್ಲಿ ಅಸಂಖ್ಯ ಜೋಡಣೆಗಳಿದ್ದರೆ, ಒಂದೇ ಕೋಶದ ಸಂತಾನವಾದ ಲಿಂಫೋಮದಲ್ಲಿ ಒಂದೇ ಜೋಡಣೆ ಎದ್ದು ಕಾಣುತ್ತದೆ. ಬಣ್ಣ ಹಾಕಿದ ಹಳೆಯ ಗಾಜಿನ ಪಟ್ಟಿಯಿಂದ ಕೆರೆದ ಕೋಶಗಳೂ ಇದಕ್ಕೆ ಸಾಕಾಗುತ್ತವೆ. ಆದರೆ ಉಣ್ಣಿಜ್ವರವೂ ಕೆಲವೊಮ್ಮೆ ಇದೇ ಚಿಹ್ನೆಯನ್ನು ತೋರಿ ಮೋಸಗೊಳಿಸುತ್ತದೆ. ಆದುದರಿಂದ ಯಾವ ಒಂದು ಪರೀಕ್ಷೆಯನ್ನೂ ಏಕಮಾತ್ರ ಸಾಕ್ಷಿಯೆಂದು ನಂಬುವಂತಿಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. ಗಂಟು ಕಂಡೊಡನೆ, ಪರೀಕ್ಷೆಗೆ ಮುಂಚೆಯೇ, ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಗಂಟು ಕರಗೀತು, ನಾವೂ ಸಂತೋಷಪಟ್ಟೇವು. ಆದರೆ ಆ ಮಾತ್ರೆ ಲಿಂಫೋಮದ ಕೋಶಗಳನ್ನು ಕೊಂದು ಸಾಕ್ಷ್ಯವನ್ನು ಅಳಿಸುತ್ತದೆ. ಉಳಿದ ಕೋಶಗಳು ಮುಂದಿನ ಔಷಧಗಳಿಗೆ ಬಗ್ಗದಂತೆಯೂ ಆಗಬಹುದು. ಬಾಯಿಲ್ಲದ ಪ್ರಾಣಿ ತನ್ನ ಬೇನೆಯನ್ನು ಹೇಳಿಕೊಳ್ಳಲಾರದು. ಅದರ ಪರವಾಗಿ ನುಡಿಯಬಲ್ಲ ಕೋಶಗಳ ಬಾಯನ್ನು ನಾವೇ ಕಟ್ಟಬಾರದು. ಮೊದಲು ಸೂಜಿ, ಆಮೇಲೆ ಮಾತ್ರೆ.